ತಟ್ಟೆ ಕಳಚಿದ ಆವ್ರೋ

1999ರ ಜನವರಿ 11, ಸೋಮವಾರ. ಸಂಕ್ರಾಂತಿಗೆ ಇನ್ನು ಮೂರೇ ದಿನ. ಬೆಂಗಳೂರಿನಿಂದ ಎರಡು ವಿಮಾನಗಳು ಪೂರ್ವಕ್ಕೆ, ಅರಕ್ಕೋಣಂ–ಚೆನ್ನೈ ಕಡೆಗೆ ಹಾರಿದವು. ಒಂದು ವಾಯುಪಡೆಯ ಎಎನ್-32. ಅದರ ಪಾಲಿಗೆ ಅವತ್ತು ಶತ್ರುವಿನ ಪಾತ್ರ: ಆಕಾಶದಲ್ಲಿ ಅತ್ತಿತ್ತ ಓಡಾಡುತ್ತ ಇನ್ನೊಂದು ವಿಮಾನದ ಕಣ್ಣಿಗೆ ಬೀಳಬೇಕು. ಇನ್ನೊಂದು ಹಳೆಯ ಆವ್ರೋ. ಒಮ್ಮೆ ನೋಡಿದವರು ಮರೆಯಲಾಗದ ಆಕಾರ ಅದರದ್ದು. ಬೆನ್ನ ಮೇಲೆ ಕಂಬಗಳು, ಕಂಬಗಳ ಮೇಲೆ ಮಗುಚಿ ಹಾಕಿದಂಥ ಭಾರಿ ತಟ್ಟೆ. ತಟ್ಟೆಯೊಳಗೆ ತಿರುಗುವ ರೇಡಾರ್ ಆಂಟೆನಾ.

ಪರೀಕ್ಷೆ ಮುಗಿಯಿತು. ಎಎನ್-32 ಸಂಜೆ ನಾಲ್ಕರ ಸುಮಾರಿಗೆ ಅರಕ್ಕೋಣಂನ ನೌಕಾಪಡೆಯ ವಿಮಾನ ನೆಲೆ ಐಎನ್‌ಎಸ್ ರಾಜಾಳಿಯಲ್ಲಿ ಇಳಿಯಿತು. ಹಿಂದೆಯೇ ಬರಬೇಕಿದ್ದ ಆವ್ರೋ ಹತ್ತು ಸಾವಿರ ಅಡಿಯಿಂದ ಮೆಲ್ಲಗೆ ಕೆಳಗಿಳಿಯುತ್ತಿತ್ತು. ರನ್‌ವೇಗೆ ಕೆಲವೇ ಮೈಲಿ ಬಾಕಿ ಇದ್ದಾಗ, ನೆಲದಿಂದ ಮೂರರಿಂದ ಐದು ಸಾವಿರ ಅಡಿ ಎತ್ತರದಲ್ಲಿ, ಬೆನ್ನ ಮೇಲಿನ ತಟ್ಟೆ ಕಳಚಿಕೊಂಡಿತು. ವಿಮಾನ ಹತೋಟಿ ತಪ್ಪಿ ನೆಲಕ್ಕೆ ಬಡಿಯಿತು. ಒಳಗಿದ್ದ ವಿಜ್ಞಾನಿಗಳು ಮತ್ತು ವಾಯುಪಡೆಯ ಸಿಬ್ಬಂದಿ ಸೇರಿ ಎಂಟು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಎಂಜಿನ್ ಕೆಟ್ಟದ್ದರಿಂದಲೋ ಪೈಲಟ್ ದಾರಿ ತಪ್ಪಿದ್ದರಿಂದಲೋ ಬಿದ್ದ ವಿಮಾನಗಳ ಕಥೆ ನಮ್ಮಲ್ಲಿ ಬಹಳ ಇವೆ. ಹಾರುತ್ತಿದ್ದ ವಿಮಾನದ ಒಡಲಿನ ಭಾಗವೇ ಬಿಟ್ಟುಹೋಗಿ ಸಂಭವಿಸಿದ ದುರಂತ ಅಪರೂಪ. ಅರಕ್ಕೋಣಂನಲ್ಲಿ ಬಿದ್ದದ್ದು ಬೆಂಗಳೂರಿನ ಪ್ರಯೋಗಾಲಯವೊಂದು ಹದಿನೈದು ವರ್ಷಗಳ ಹತ್ತಿರ ಹತ್ತಿರ ಕಟ್ಟಿಕೊಂಡು ಬಂದಿದ್ದ ಕೆಲಸ. ಆ ಕೆಲಸ ಹೇಗೆ ಹುಟ್ಟಿತು, ಬಿದ್ದ ಮೇಲೆ ಏನಾಯಿತು, ಯಾವ ರೂಪದಲ್ಲಿ ಮತ್ತೆ ಎದ್ದಿತು ಎಂಬುದು ಕರ್ನಾಟಕದ ವಿಮಾನ ಚರಿತ್ರೆಯಲ್ಲಿ ಓದಲೇಬೇಕಾದ ಅಧ್ಯಾಯ.

ನೆಲದ ಕಣ್ಣು, ಆಕಾಶದ ಕಣ್ಣು

ರೇಡಾರ್ ಎಷ್ಟೇ ಶಕ್ತಿಯದ್ದಾದರೂ ಭೂಮಿ ಗುಂಡಗಿರುವುದನ್ನು ಬದಲಿಸಲಾರದು. ಅದರ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ನೆಲ ಬಾಗುತ್ತ ಹೋಗುತ್ತದೆ. ಹತ್ತು ಮೀಟರ್ ಎತ್ತರದ ಗೋಪುರದ ಮೇಲಿಟ್ಟ ರೇಡಾರಿಗೆ ನೆಲಕ್ಕೆ ಅಂಟಿಕೊಂಡಂತೆ ಬರುವ ವಿಮಾನ ಕಾಣುವುದು ಹತ್ತು ಹನ್ನೆರಡು ಕಿಲೋಮೀಟರಿನ ಆಸುಪಾಸಿಗೆ ಬಂದ ಮೇಲೆ. ಗಂಟೆಗೆ ಸಾವಿರ ಕಿಲೋಮೀಟರ್ ವೇಗದಲ್ಲಿ ನುಗ್ಗುವ ಯುದ್ಧವಿಮಾನಕ್ಕೆ ಆ ದೂರ ಒಂದು ನಿಮಿಷವೂ ಅಲ್ಲ. ಅದೇ ರೇಡಾರನ್ನು 25 ಸಾವಿರ ಅಡಿಗೆ ಏರಿಸಿದರೆ ದಿಗಂತ ಮುನ್ನೂರು ಕಿಲೋಮೀಟರಿನಾಚೆಗೆ ಸರಿಯುತ್ತದೆ. ಹಾರುವ ರೇಡಾರಿನ ಹಿಂದಿರುವ ಲೆಕ್ಕ ಇಷ್ಟೇ.

ಅಮೆರಿಕದವರು ಈ ಲೆಕ್ಕವನ್ನು ಎರಡು ಬಗೆಯಲ್ಲಿ ಕೈಗೆತ್ತಿಕೊಂಡರು. ವಿಮಾನವಾಹಕ ಹಡಗುಗಳಿಗಾಗಿ ಎರಡು ಟರ್ಬೊಪ್ರಾಪ್ ಎಂಜಿನ್ನಿನ ಹಾಕ್‌ಐ. ವಾಯುಪಡೆಗಾಗಿ ಬೋಯಿಂಗ್ 707ರ ಬೆನ್ನಿಗೆ 30 ಅಡಿ ಅಗಲದ ತಟ್ಟೆ ಕೂರಿಸಿದ ಇ-3 ಸೆಂಟ್ರಿ. ಸೆಂಟ್ರಿ ಸೇವೆಗೆ ಸೇರಿದ್ದು 1977ರಲ್ಲಿ. ಅದರ ತಟ್ಟೆ ಹತ್ತು ಸೆಕೆಂಡಿಗೊಂದು ಸುತ್ತು ಹಾಕುತ್ತ ಎಲ್ಲ ದಿಕ್ಕನ್ನೂ ಜಾಲಾಡುತ್ತಿತ್ತು. ಇಂಥ ವಿಮಾನ ತನಗೂ ಬೇಕೆಂದು ಪಾಕಿಸ್ತಾನ 1980ರ ದಶಕದಲ್ಲಿ ಅಮೆರಿಕದ ಬೆನ್ನು ಬಿದ್ದಾಗ ದೆಹಲಿ ಎಚ್ಚೆತ್ತುಕೊಂಡಿತು.

ಕೊಳ್ಳಲು ಹಣವೂ ಇರಲಿಲ್ಲ, ಕೊಡುವವರೂ ಇರಲಿಲ್ಲ. ನಾವೇ ಮಾಡಿ ನೋಡೋಣ ಎಂದು ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಡಿಆರ್‌ಡಿಒ ಆ ದಶಕದ ಮಧ್ಯದಲ್ಲಿ ಕೆಲಸಕ್ಕಿಳಿಯಿತು. ಬೆಂಗಳೂರಿನ ಯಮಲೂರು ಬಳಿಯ ಬೇಲೂರಿನಲ್ಲಿ ಇಂದು ಕ್ಯಾಬ್ಸ್ ಎಂಬ ಹೆಸರಿನಲ್ಲಿರುವ ವೈಮಾನಿಕ ವ್ಯವಸ್ಥೆಗಳ ಕೇಂದ್ರ ಬೆಳೆದದ್ದು ಈ ಯೋಜನೆಯ ಸುತ್ತ. ಎಚ್‌ಎಎಲ್ ಕಾರ್ಖಾನೆ, ವಾಯುಪಡೆಯ ಪರೀಕ್ಷಾ ಪೈಲಟ್‌ಗಳ ಸಂಸ್ಥೆ, ರೇಡಾರ್ ಪ್ರಯೋಗಾಲಯ, ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಎಲ್ಲವೂ ಒಂದೇ ಊರಿನಲ್ಲಿದ್ದುದರಿಂದ ಇಂಥ ಕೆಲಸಕ್ಕೆ ಬೆಂಗಳೂರು ಬಿಟ್ಟು ಬೇರೆ ಜಾಗ ಹುಡುಕುವ ಪ್ರಶ್ನೆಯೇ ಇರಲಿಲ್ಲ. ಅಧಿಕೃತ ಹೆಸರು ವೈಮಾನಿಕ ಕಣ್ಗಾವಲು ವೇದಿಕೆ. ಬಳಕೆಯಲ್ಲಿ ‘ಐರಾವತ’ ಎಂಬ ಹೆಸರೂ ಇತ್ತು.

ತಟ್ಟೆ ಹೊರುವ ಕೆಲಸ ಆವ್ರೋಗೆ ಬಿತ್ತು. ಬ್ರಿಟನ್ನಿನ ವಿನ್ಯಾಸವಾದ ಈ ವಿಮಾನವನ್ನು, ಅಂದರೆ ಎಚ್‌ಎಸ್-748ನ್ನು, ಎಚ್‌ಎಎಲ್ ತನ್ನ ಕಾನ್ಪುರದ ಘಟಕದಲ್ಲಿ ಕಟ್ಟುತ್ತಿತ್ತು. ಅಲ್ಲಿ ಜೋಡಿಸಿದ ಮೊದಲ ವಿಮಾನ ಹಾರಿದ್ದು 1961ರ ನವೆಂಬರ್‌ನಲ್ಲಿ. ಒಟ್ಟು ಕಟ್ಟಿದ್ದು 89. ಇಂಡಿಯನ್ ಏರ್‌ಲೈನ್ಸ್ ಅದರಲ್ಲಿ ಜನರನ್ನು ಸಾಗಿಸಿತು, ವಾಯುಪಡೆ ಸರಕು ಸಾಗಿಸಿತು, ತರಬೇತಿ ಕೊಟ್ಟಿತು. ಎರಡು ರೋಲ್ಸ್ ರಾಯ್ಸ್ ಡಾರ್ಟ್ ಎಂಜಿನ್ನುಗಳ ಆ ವಿಮಾನ ನಮ್ಮ ಮೆಕ್ಯಾನಿಕ್‌ಗಳಿಗೆ ಬೋಲ್ಟು ಬೋಲ್ಟೂ ಗೊತ್ತಿದ್ದ ಯಂತ್ರ. ಪ್ರಯೋಗಕ್ಕೆ ಅದು ಸಾಕು. ಮುಂದೆ ನಿಜವಾದ ಬಳಕೆಗೆ ದೊಡ್ಡ ವಿಮಾನ ನೋಡಿಕೊಳ್ಳೋಣ ಎಂಬುದು ಯೋಚನೆ. ತಟ್ಟೆ ಹೊತ್ತ ಆವ್ರೋ 1990ರಲ್ಲಿ ಹಾರಿತು. ಅಲ್ಲಿಂದ ಮುಂದೆ ರೇಡಾರ್, ಸಂಕೇತಗಳನ್ನು ವಿಂಗಡಿಸುವ ಕಂಪ್ಯೂಟರು, ಆಪರೇಟರುಗಳ ಪರದೆ ಎಂದು ಒಂದೊಂದನ್ನೇ ಕೂರಿಸುತ್ತ, ಹಾರಿಸಿ ನೋಡುತ್ತ ಕೆಲಸ ಸಾಗಿತು.

ಬೆನ್ನ ಮೇಲಿನ ಹೊರೆ

ಕಂಪ್ಯೂಟರು, ರೇಡಾರುಗಳ ಮಾತು ಬಂದಾಗ ಎಲ್ಲರ ಗಮನ ಅತ್ತ ಹೋಗುತ್ತದೆ. ತಟ್ಟೆಯನ್ನು ಹಿಡಿದು ನಿಂತ ಕಂಬದ ಬಗ್ಗೆ ಹೊರಗಿನವರು ಯಾರೂ ಕೇಳುವುದಿಲ್ಲ. ಆದರೆ ವಿಮಾನದ ಒಡಲಿನ ಎಂಜಿನಿಯರನಿಗೆ ಕಷ್ಟದ ಪ್ರಶ್ನೆ ಇರುವುದೇ ಅಲ್ಲಿ.

ಪ್ರಯಾಣಿಕರ ವಿಮಾನದ ಒಡಲಿನ ಮೇಲ್ಭಾಗ ಭಾರ ಹೊರಲೆಂದು ಮಾಡಿದ್ದಲ್ಲ. ತೆಳುವಾದ ಅಲ್ಯೂಮಿನಿಯಂ ಹೊದಿಕೆ, ಒಳಗೆ ಅಡ್ಡ ಬಳೆಗಳು, ಉದ್ದದ ಪಟ್ಟಿಗಳು. ಅದರ ಮೇಲೆ ಕಂಬ ನೆಡಬೇಕೆಂದರೆ ಹೊದಿಕೆಯ ಕೆಳಗೆ ಹೊಸ ಬಲ ಕೊಟ್ಟು, ಕಂಬದ ಬುಡದ ಭಾರ ಒಂದೇ ಕಡೆ ಕುಕ್ಕದಂತೆ ಸುತ್ತಲಿನ ಬಳೆಗಳಿಗೆಲ್ಲ ಹಂಚಬೇಕು. ಬರಿಯ ತೂಕವಾದರೆ ಲೆಕ್ಕ ಸುಲಭ. ತಟ್ಟೆಗೆ ಗಾಳಿ ತಾಗುತ್ತದೆ. ತಟ್ಟೆಯೇ ಒಂದು ರೆಕ್ಕೆಯಂತೆ ವರ್ತಿಸಿ ಕೆಲವೊಮ್ಮೆ ಮೇಲಕ್ಕೆಳೆಯುತ್ತದೆ. ವಿಮಾನ ಒಂದು ಪಕ್ಕಕ್ಕೆ ವಾಲಿದರೆ ಕಂಬ ಆ ಕಡೆ ತಿರುಚಿಕೊಳ್ಳುತ್ತದೆ. ಪ್ರೊಪೆಲ್ಲರಿನ ನಡುಕ, ತಿರುಗುವ ಭಾಗಗಳ ನಡುಕ ಎರಡೂ ಬಂದು ಸೇರುವುದು ಕಂಬದ ಬುಡದ ಜೋಡಣೆಗಳಲ್ಲೇ. ತಟ್ಟೆಯನ್ನು ದಾಟಿ ಹಿಂದೆ ಹೋಗುವ ಕಲಕಿದ ಗಾಳಿ ಬಾಲದ ಮೇಲೆ ಬೀಳುತ್ತದೆ. ಅಮೆರಿಕದ ಹಾಕ್‌ಐ ವಿಮಾನಕ್ಕೆ ಒಂದರ ಬದಲು ನಾಲ್ಕು ನಿಲುವು ಬಾಲಗಳಿರುವುದರಲ್ಲಿ ಹಡಗಿನೊಳಗಿನ ಜಾಗದ ಲೆಕ್ಕದ ಜೊತೆಗೆ ಈ ಕಲಕಿದ ಗಾಳಿಯ ಲೆಕ್ಕವೂ ಇದೆ.

ಹುಣಸೂರು, ಹನಗೋಡು ಕಡೆ ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಡಿಯ ಮೇಲೆ ಎಷ್ಟು ಮೂಟೆ ಹೇರಿದರೂ, ಎತ್ತು ಎಷ್ಟೇ ಗಟ್ಟಿಯಿದ್ದರೂ, ಅಚ್ಚಿನ ತುದಿಯ ಕಡಾಣಿ ಬಿದ್ದುಹೋದರೆ ಗಾಲಿ ಕಳಚಿ ಗಾಡಿ ಮಗುಚುತ್ತದೆ. ದೊಡ್ಡದೊಂದು ರಚನೆಯ ಆಯುಸ್ಸು ಅದರ ಅತಿ ಚಿಕ್ಕ ಜೋಡಣೆಯಲ್ಲಿರುತ್ತದೆ.

ಈ ಮಾತನ್ನು ವಿಮಾನ ಪ್ರಪಂಚ ಕಲಿತದ್ದು ಹೆಣ ಎಣಿಸಿಯೇ. 1945ರ ಜನವರಿಯಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದಲ್ಲಿ ಸ್ಟಿನ್ಸನ್ ವಿಮಾನವೊಂದರ ರೆಕ್ಕೆ ಹಾರಾಟದಲ್ಲೇ ಮುರಿದು ಹತ್ತು ಮಂದಿ ಸತ್ತರು. ರೆಕ್ಕೆಯ ಒಳತೊಲೆಯಲ್ಲಿ ಲೋಹ ಬಳಲಿ ಬಿರುಕು ಬಿಟ್ಟಿತ್ತು. 1951ರ ಅಕ್ಟೋಬರ್‌ನಲ್ಲಿ ಅದೇ ದೇಶದ ಕಾಲ್ಗೂರ್ಲಿ ಬಳಿ ಡವ್ ಎಂಬ ಪುಟ್ಟ ಪ್ರಯಾಣಿಕ ವಿಮಾನಕ್ಕೆ ಇದೇ ಗತಿಯಾಯಿತು; ಏಳು ಮಂದಿ ಸತ್ತರು. ಒಂದೇ ಸಲ ದೊಡ್ಡ ಭಾರ ಬಿದ್ದರೆ ತಡೆದುಕೊಳ್ಳುವ ಲೋಹ, ಸಣ್ಣ ಭಾರವನ್ನು ಸಾವಿರಾರು ಸಲ ಹೊತ್ತು ಇಳಿಸಿದರೆ ಒಳಗೊಳಗೇ ಸೀಳುತ್ತದೆ ಎಂಬುದು ಆಗ ಪ್ರಯೋಗಾಲಯ ಬಿಟ್ಟು ಪತ್ರಿಕೆಗಳಿಗೆ ಬಂತು.

ನಮ್ಮ ನೆಲದ ಮೇಲೂ ಅಂಥದೊಂದು ಪಾಠ ನಡೆದಿತ್ತು. 1953ರ ಮೇ 2ರಂದು ಕಲ್ಕತ್ತದ ದಮ್‌ದಮ್‌ನಿಂದ ದೆಹಲಿಗೆ ಹೊರಟ ಬಿಒಎಸಿ ಕಂಪನಿಯ ಕಾಮೆಟ್ ಜೆಟ್ ಆರೇ ನಿಮಿಷದಲ್ಲಿ ಗುಡುಗು ಮಳೆಯೊಳಗೆ ಹೊಕ್ಕು ಜಗಲ್‌ಗೋರಿ ಎಂಬ ಹಳ್ಳಿಯ ಮೇಲೆ ಚೂರುಚೂರಾಗಿ ಬಿತ್ತು. 43 ಮಂದಿ ಸತ್ತರು. ಮರುವರ್ಷ ಇಟಲಿಯ ಬಳಿ ಸಮುದ್ರಕ್ಕೆ ಇನ್ನೆರಡು ಕಾಮೆಟ್‌ಗಳು ಬಿದ್ದ ಮೇಲೆ ಬ್ರಿಟಿಷರು ಇಡೀ ವಿಮಾನವನ್ನೇ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೆ ನೀರಿನ ಒತ್ತಡ ಏರಿಸಿ ಇಳಿಸಿ, ಅದು ಎಷ್ಟನೆಯ ಸಲಕ್ಕೆ ಒಡೆಯುತ್ತದೆಂದು ನೋಡಿದರು. ಸುಮಾರು ಮೂರು ಸಾವಿರ ಹಾರಾಟಗಳಷ್ಟು ಒತ್ತಡಕ್ಕೆ ಒಡಲು ಸೀಳಿತು. ಅಂದಿನಿಂದ ವಿಮಾನವನ್ನು ಹಾರಿಸುವುದರ ಜೊತೆಗೆ ನೆಲದ ಮೇಲೆ ಕಟ್ಟಿಹಾಕಿ ಬಳಲಿಸಿ ನೋಡುವುದೂ ಕಡ್ಡಾಯದ ಶಿಸ್ತಾಯಿತು. ವಿಮಾನ ತಡೆಯಬೇಕಾದ ಅತಿ ದೊಡ್ಡ ಭಾರದ ಒಂದೂವರೆ ಪಟ್ಟು ಹೊರಿಸಿದರೂ ಮುರಿಯಬಾರದು ಎಂಬ ನಿಯಮವೂ ವಿನ್ಯಾಸಕಾರರಿಗೆ ಬಾಯಿಪಾಠ.

ಬೆಂಗಳೂರಿನಲ್ಲಿ ಈ ವಿದ್ಯೆ ಬೇರು ಬಿಟ್ಟದ್ದು 1959ರಲ್ಲಿ ಹುಟ್ಟಿದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ. 1965ರಿಂದ 1984ರವರೆಗೆ ಅದನ್ನು ಮುನ್ನಡೆಸಿದ ಎಸ್.ಆರ್. ವಲ್ಲೂರಿ ಲೋಹದ ಬಳಲಿಕೆಯನ್ನೇ ಅಭ್ಯಾಸ ಮಾಡಿ ಬಂದವರು. ಮುರಿದ ತುಂಡಿನ ಅಂಚನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಇದು ಒಮ್ಮೆಲೇ ಮುರಿದದ್ದೋ ತಿಂಗಳುಗಟ್ಟಲೆ ಸೀಳುತ್ತ ಬಂದದ್ದೋ ಎಂದು ಹೇಳಬಲ್ಲವರ ತಂಡ ಅಲ್ಲಿ ಬೆಳೆಯಿತು. ಬಳಲಿ ಮುರಿದ ಲೋಹದ ಅಂಚಿನಲ್ಲಿ ಬಿರುಕು ಪ್ರತಿ ಸಲ ಎಷ್ಟು ಮುಂದುವರಿಯಿತೆಂದು ತೋರಿಸುವ ಸಣ್ಣ ಗೆರೆಗಳ ಸಾಲು ಇರುತ್ತದೆ. ಒಮ್ಮೆಲೇ ಹರಿದ ಕಡೆ ಆ ಗೆರೆಗಳಿಲ್ಲದೆ ಒರಟಾಗಿರುತ್ತದೆ. ವಿಮಾನ ಅಪಘಾತದ ತನಿಖೆಯಲ್ಲಿ ಕಣ್ಣಾರೆ ಕಂಡವರ ಮಾತಿಗಿಂತ ಈ ಗೆರೆಗಳ ಮಾತಿಗೆ ತೂಕ ಹೆಚ್ಚು.

ಬಿದ್ದ ಮೇಲೆ

ಅರಕ್ಕೋಣಂನ ಸುದ್ದಿ ದೆಹಲಿ ಮುಟ್ಟಿದಾಗ ಎ.ಪಿ.ಜೆ. ಅಬ್ದುಲ್ ಕಲಾಂ ಡಿಆರ್‌ಡಿಒ ಮುಖ್ಯಸ್ಥರು. ಪೋಖ್ರಾನ್ ಸ್ಫೋಟ ಮುಗಿದು ಎಂಟು ತಿಂಗಳಾಗಿತ್ತು. ಅವರ ಹೆಸರು ಮನೆಮನೆಯಲ್ಲಿತ್ತು. ಸಭೆಯೊಂದರಲ್ಲಿದ್ದವರು ಬೆಂಗಳೂರಿಗೆ ಓಡಿಬಂದರು. ಸತ್ತವರ ಮನೆಯವರನ್ನು ಎದುರುಗೊಂಡ ಆ ಹೊತ್ತನ್ನು ಅವರು ಮುಂದೆ ‘ಇಗ್ನೈಟೆಡ್ ಮೈಂಡ್ಸ್’ ಪುಸ್ತಕದಲ್ಲಿ ಬರೆದುಕೊಂಡರು. ಕಂಕುಳಲ್ಲಿ ಕೂಸು ಹೊತ್ತ ತಾಯಿಯೊಬ್ಬಳು ಇದನ್ನಿನ್ನು ನೋಡಿಕೊಳ್ಳುವವರು ಯಾರೆಂದು ಕೇಳಿದ್ದು, ಇನ್ನೊಬ್ಬಳು ನಮಗೆ ಹೀಗೇಕೆ ಮಾಡಿದಿರಿ ಎಂದು ನೇರವಾಗಿ ಅವರನ್ನೇ ಕೇಳಿದ್ದು ಅದರಲ್ಲಿದೆ. ಕ್ಷಿಪಣಿ ವಿಫಲವಾದಾಗ ಪತ್ರಕರ್ತರಿಗೆ ಉತ್ತರ ಕೊಟ್ಟು ಅಭ್ಯಾಸವಿದ್ದ ಕಲಾಂ ಬಳಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಪರೀಕ್ಷಾ ಹಾರಾಟದ ಸಾವಿಗೆ ಒಂದು ವಿಶೇಷವಿದೆ. ಯುದ್ಧದಲ್ಲಿ ಸತ್ತವರಿಗೆ ಊರು ಸ್ಮಾರಕ ಕಟ್ಟುತ್ತದೆ. ಪ್ರಯಾಣಿಕರ ವಿಮಾನ ಬಿದ್ದರೆ ದೇಶವೇ ಟಿವಿ ಮುಂದೆ ಕೂರುತ್ತದೆ. ಪ್ರಯೋಗದ ವಿಮಾನದಲ್ಲಿ ಕೂತ ಎಂಜಿನಿಯರು ಬೆಳಿಗ್ಗೆ ಡಬ್ಬಿ ಹಿಡಿದು ಆಫೀಸಿಗೆ ಹೊರಟವನು. ಅವನ ಕೆಲಸ ಗುಟ್ಟಿನದ್ದಾದ್ದರಿಂದ ಏನು ಮಾಡುತ್ತಿದ್ದನೆಂದು ಮನೆಯವರಿಗೂ ಪೂರ್ತಿ ಗೊತ್ತಿರುವುದಿಲ್ಲ. ಎಂಟು ಮಂದಿಯ ಜೊತೆಗೆ, ಆ ರೇಡಾರನ್ನು ಹಾರಾಟದಲ್ಲಿ ಕೈಯಾರೆ ನಡೆಸಿ ಗಳಿಸಿದ ಅನುಭವವೂ ಹೋಯಿತು. ಅದನ್ನು ಯಾವ ಫೈಲಿನಲ್ಲೂ ಬರೆದಿಡಲಾಗದು.

ಯೋಜನೆಯನ್ನು ಕೈಬಿಡಲಾಯಿತು. ಆಗ ಅದಕ್ಕೆ ಬೆಂಬಲವಾಗಿ ಮಾತಾಡುವುದು ಕಷ್ಟವೇ ಇತ್ತು. ಹಳೆಯ ವಿಮಾನ, ಮುಗಿಯದ ರೇಡಾರ್, ಎಂಟು ಸಾವು. ನಾಲ್ಕೇ ತಿಂಗಳಿಗೆ ಕಾರ್ಗಿಲ್ ಯುದ್ಧ ಶುರುವಾಯಿತು. ಭಾರತದ ಬಳಿ ಆಕಾಶದ ಕಣ್ಣು ಇರಲಿಲ್ಲ. ಕೊನೆಗೆ ದೆಹಲಿ ಕೊಳ್ಳುವ ದಾರಿ ಹಿಡಿಯಿತು. 2004ರ ಮಾರ್ಚ್‌ನಲ್ಲಿ ಇಸ್ರೇಲಿನ ಫಾಲ್ಕನ್ ರೇಡಾರನ್ನು ರಷ್ಯಾದ ಐಎಲ್-76 ವಿಮಾನಗಳ ಮೇಲೆ ಕೂರಿಸಿಕೊಡುವ 110 ಕೋಟಿ ಡಾಲರಿನ ಒಪ್ಪಂದವಾಯಿತು. ಮೂರರಲ್ಲಿ ಮೊದಲನೆಯದು ಭಾರತಕ್ಕೆ ಬಂದದ್ದು 2009ರ ಮೇ ತಿಂಗಳಲ್ಲಿ. ಅರಕ್ಕೋಣಂ ದುರಂತವಾಗಿ ಹತ್ತು ವರ್ಷ ದಾಟಿತ್ತು.

ಮತ್ತೆ ಅದೇ ಪ್ರಯೋಗಾಲಯ

ಕೊಳ್ಳಲು ಸಹಿ ಹಾಕಿದ ವರ್ಷವೇ, 2004ರಲ್ಲಿ, ಬೆಂಗಳೂರಿನ ಕ್ಯಾಬ್ಸ್‌ಗೆ ಮತ್ತೊಂದು ಅವಕಾಶ ಸಿಕ್ಕಿತು. ಈ ಸಲ ದಾರಿ ಬೇರೆ. ತಿರುಗುವ ತಟ್ಟೆಯ ಬದಲು ಬ್ರೆಜಿಲಿನ ಎಂಬ್ರೇಯರ್-145 ಜೆಟ್ಟಿನ ಬೆನ್ನ ಮೇಲೆ ಉದ್ದಕ್ಕೆ ಮಲಗಿಸಿದ ತೊಲೆಯಂಥ ಆಂಟೆನಾ. ಅದರ ಎರಡೂ ಪಕ್ಕಗಳಲ್ಲಿ ಸಾಲಾಗಿ ಕೂರಿಸಿದ ಪುಟ್ಟ ಪ್ರಸಾರಕಗಳು. ಅಲೆಯ ದಿಕ್ಕು ಬದಲಿಸಲು ಆಂಟೆನಾ ತಿರುಗಬೇಕಿಲ್ಲ. ಎಲೆಕ್ಟ್ರಾನಿಕ್ ಮಂಡಲಗಳೇ ಅಲೆಯನ್ನು ತಿರುಗಿಸುತ್ತವೆ. ಒಂದೊಂದು ಪಕ್ಕಕ್ಕೆ 120 ಡಿಗ್ರಿಯಂತೆ ಒಟ್ಟು 240 ಡಿಗ್ರಿ ಕಾಣುತ್ತದೆ. ಮುಂದೆ ಹಿಂದೆ ಕುರುಡು. ಆ ಕೊರತೆಯನ್ನು ಒಪ್ಪಿಕೊಂಡು ಗಳಿಸಿದ್ದೇನು? ತಿರುಗುವ ಯಂತ್ರವಿಲ್ಲ, ಎತ್ತರದ ಕಂಬವಿಲ್ಲ, ಹೊರೆ ಒಡಲಿನುದ್ದಕ್ಕೂ ಹಂಚಿಹೋಗುತ್ತದೆ. ವಿಮಾನವನ್ನು ತಯಾರಿಸಿದ ಕಂಪನಿಯೇ ಬೆನ್ನಿಗೆ ಬಲ ಕೊಟ್ಟು ಮಾರ್ಪಾಟು ಮಾಡಿತು. ರೇಡಾರ್ ಮತ್ತು ಒಳಗಿನ ವ್ಯವಸ್ಥೆಗಳು ಬೆಂಗಳೂರಿನವು.

2008ರಲ್ಲಿ ಮೂರು ವಿಮಾನಗಳಿಗೆ ಒಪ್ಪಂದವಾಯಿತು. 2011ರ ಡಿಸೆಂಬರ್‌ನಲ್ಲಿ ಬ್ರೆಜಿಲ್‌ನಲ್ಲಿ ಮೊದಲನೆಯದು ಹಾರಿತು. 2012ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ಕ್ಯಾಬ್ಸ್ ನಿರ್ದೇಶಕರಾಗಿ ಈ ಕೆಲಸ ನಡೆಸಿದ ಎಸ್. ಕ್ರಿಸ್ಟೋಫರ್ ಮುಂದೆ ಡಿಆರ್‌ಡಿಒ ಮುಖ್ಯಸ್ಥರಾದರು. 2017ರ ಫೆಬ್ರುವರಿ 14ರಂದು ಯಲಹಂಕದ ಏರೋ ಇಂಡಿಯಾದಲ್ಲಿ ‘ನೇತ್ರ’ ಎಂಬ ಹೆಸರಿನಲ್ಲಿ ಅದನ್ನು ವಾಯುಪಡೆಗೆ ಒಪ್ಪಿಸಲಾಯಿತು. ಎರಡು ವರ್ಷದ ನಂತರ ಬಾಲಾಕೋಟ್ ದಾಳಿಯ ರಾತ್ರಿ ಆಕಾಶದಲ್ಲಿ ಕಾವಲಿದ್ದ ವಿಮಾನಗಳಲ್ಲಿ ನೇತ್ರವೂ ಒಂದು. ಅರಕ್ಕೋಣಂನಿಂದ ಯಲಹಂಕಕ್ಕೆ ಬರಲು ಹದಿನೆಂಟು ವರ್ಷ ಹಿಡಿದಿತ್ತು.

ಬಿಡದಿಯ ಹೊಲದಲ್ಲಿ

ಮೈಸೂರು ಕಡೆಯವರು ಬೆಂಗಳೂರಿಗೆ ಹೋಗಿಬರುವ ದಾರಿಯಲ್ಲೇ ಈ ಕಥೆಯ ಇನ್ನೊಂದು ಮುಖವಿದೆ. 2009ರ ಮಾರ್ಚ್ 6ರಂದು ಬಿಡದಿ ಸಮೀಪದ ಶೇಷಗಿರಿಹಳ್ಳಿಯಲ್ಲಿ ‘ಸಾರಸ್’ ಬಿತ್ತು. ಅದು ಬೆಂಗಳೂರಿನ ಅದೇ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ವಿನ್ಯಾಸ ಮಾಡಿದ್ದ, ಹದಿನಾಲ್ಕು ಆಸನಗಳ ಹಗುರ ವಿಮಾನ. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದಿಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ಮೂವರೂ ಸತ್ತರು.

ಆ ದಿನದ ಕೆಲಸ, ಹಾರುತ್ತಿರುವಾಗ ಒಂದು ಎಂಜಿನ್ ಬೇಕೆಂದೇ ನಿಲ್ಲಿಸಿ ಮತ್ತೆ ಹೊತ್ತಿಸುವುದು. ವಿಮಾನ ಮುರಿದೇ ಬಿತ್ತೆಂದು ಊಹಿಸಿದವರಿದ್ದರು. ತನಿಖೆ ಬೇರೆ ಮಾತು ಹೇಳಿತು: ಎಂಜಿನ್ ಮತ್ತೆ ಹೊತ್ತಿಸುವ ಕ್ರಮವನ್ನೇ ತಪ್ಪಾಗಿ ರೂಪಿಸಲಾಗಿತ್ತು, ಪ್ರೊಪೆಲ್ಲರ್ ತಯಾರಕರನ್ನು ಕೇಳಿರಲಿಲ್ಲ, ಸಾಕಷ್ಟು ಎತ್ತರವಿಲ್ಲದೆಡೆ ಅದನ್ನು ಮಾಡಲು ಹೋಗಲಾಗಿತ್ತು. ಅಲ್ಲಿ ಮುರಿದದ್ದು ಲೋಹವಲ್ಲ, ಕಾರ್ಯವಿಧಾನ. ಆದರೂ ನಂತರದ ಕಥೆ ಆವ್ರೋ ಕಥೆಯಂತೆಯೇ ನಡೆಯಿತು. ಯೋಜನೆ ಕುಂಟಿತು, ಹಣ ನಿಂತಿತು, ತಂಡ ಚದುರಿತು. ಮಾರ್ಪಾಡಾದ ಸಾರಸ್ ಮತ್ತೆ ಹಾರಿದ್ದು 2018ರ ಜನವರಿ 24ರಂದು, ಸುಮಾರು ಒಂಬತ್ತು ವರ್ಷದ ಮೇಲೆ.

ಎರಡು ದುರಂತಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟ. ಏನು ಮುರಿಯಿತೆಂದು ಕಂಡುಹಿಡಿಯುವ ವಿದ್ಯೆ ಬೆಂಗಳೂರಿನಲ್ಲಿದೆ. ಮುರಿದದ್ದನ್ನು ಸರಿಪಡಿಸುವ ವಿದ್ಯೆಯೂ ಇದೆ. ಕಾಮೆಟ್ ಮೂರು ಸಲ ಬಿದ್ದ ಮೇಲೆ ಬ್ರಿಟಿಷರು ವಿನ್ಯಾಸ ತಿದ್ದಿ 1958ರಲ್ಲಿ ಅದನ್ನು ಅಟ್ಲಾಂಟಿಕ್ ದಾಟಿಸಿದರು. ಆ ನಾಲ್ಕು ವರ್ಷಗಳಲ್ಲಿ ಅವರು ಕಲಿತದ್ದು ಇಡೀ ಜಗತ್ತಿಗೆ ಪಾಠವಾಯಿತು. ನಾವು ಎರಡೂ ಸಲ ತನಿಖೆಯ ವರದಿಯ ಜೊತೆಗೆ ಯೋಜನೆಯ ಬಾಗಿಲನ್ನೂ ಮುಚ್ಚಿದೆವು. ಬಾಗಿಲು ಮತ್ತೆ ತೆರೆದಾಗ, ನಡುವಿನ ವರ್ಷಗಳಲ್ಲಿ ಕಳೆದುಕೊಂಡದ್ದನ್ನು ಹೊಸದಾಗಿ ಕಲಿಯಬೇಕಾಯಿತು. ಈಗ ಏರ್ ಇಂಡಿಯಾದಿಂದ ಬಂದ ಎ-321 ವಿಮಾನಗಳ ಮೇಲೆ ನೇತ್ರದ ಮುಂದಿನ ತಲೆಮಾರನ್ನು ಕೂರಿಸುವ ಕೆಲಸ ಅದೇ ಕ್ಯಾಬ್ಸ್‌ನಲ್ಲಿ ನಡೆದಿದೆ. ದಾರಿಯಲ್ಲಿ ಏನಾದರೂ ಮುರಿಯಬಹುದು. ಪ್ರಯೋಗವೆಂದರೆ ಅದಕ್ಕೂ ತಯಾರಿರಬೇಕು. ಮುರಿದ ಜೋಡಣೆಯನ್ನು ಬದಲಿಸಿ ಕೆಲಸ ಮುಂದುವರಿಸುತ್ತೇವೋ, ಕೆಲಸವನ್ನೇ ಕೈಬಿಡುತ್ತೇವೋ ಎಂಬುದು ಎಂಜಿನಿಯರುಗಳ ಕೈಯಲ್ಲಿಲ್ಲ. ಅದು ಹಣ ಕೊಡುವವರ, ಆಳುವವರ ತೀರ್ಮಾನ. ಅರಕ್ಕೋಣಂನ ಎಂಟು ಮಂದಿಗೂ ಬಿಡದಿಯ ಮೂವರಿಗೂ ದೇಶ ಸಲ್ಲಿಸಬೇಕಾದ ಲೆಕ್ಕ ಇರುವುದು ಆ ತೀರ್ಮಾನದಲ್ಲಿ.